ಒದರೂ ರೆಕಾರ್ಡಿನ ಬೆನ್ನು ಹತ್ತಿ

ಹಳೇ ರೆಕಾರ್ಡು ಕೂಡಿಸೋರ ಮನ್ಯಾಗ ಒಂದಿಲ್ಲೊಂದು ಫಜೀತಿ ಇದ್ದದ್ದ. ಅದರಾಗ ನಾ ಕೂಡಿಸೂದು ಪಂಕ್ ರಾಕ್ ರೆಕಾರ್ಡು. ಅದೇನಪಾ ಅಂತೀರಿ? ಮೂರ್ನಾಲ್ಕು ಹುಡುಗರು ಗಿಟಾರು, ಡ್ರಮ್ಮು ಹಿಡಕೊಂಡು, ಜಗತ್ತಿನ ಮ್ಯಾಲಿನ ಸಿಟ್ಟೆಲ್ಲಾ ಒಮ್ಮೆಲೆ ತೀರಿಸಿಕೊಳ್ಳಾಕ ಲಗೂ ಲಗೂ ಒದರೂ ಹಾಡು. ದೇಶಪಾಂಡೆ ನಗರದಾಗ ನಂದೊಂದು ಚಾಳೀಸಿನ ಅಂಗಡಿ ಐತಿ. ದಿನಾ ಮಂದಿ ಕಣ್ಣು ನೋಡಿ ನೋಡಿ ಬ್ಯಾಸರಾದಾಗ ಒಂದು ರೆಕಾರ್ಡು ಹಚ್ಚಿದೆ ಅಂದ್ರ ಮೈಯಾಗ ಮಿಂಚು ಹೊಡದಂಗ ಆಗ್ತೈತ್ರಿ!

ಅಷ್ಟರಾಗೂ ಒಂದು ರೆಕಾರ್ಡಿನ ಮ್ಯಾಲ ನನ್ನ ಜೀವ ಇತ್ತು. ಇಂಗ್ಲೆಂಡಿನ ಒಂದು ತಂಡ, ಇಡೀ ಆಯುಷ್ಯದಾಗ ಅದೊಂದ ರೆಕಾರ್ಡು ಮಾಡಿ ಮುರಕೊಂಡು ಬಿಟ್ಟಿತ್ತು. ಜಗತ್ತಿನಾಗ ಉಳದದ್ದ ನಾಕಾರು ಪ್ರತಿ. ಅದೊಂದು ಸಿಕ್ಕಿದ್ರ ಬ್ಯಾರೆ ಏನೂ ಬ್ಯಾಡ ಅಂತ ವರ್ಷಾನುಗಟ್ಟಲೆ ಹುಡುಕಾಕತ್ತಿದ್ದೆ.

೧. ಬಿಡಿಸಾಕ ಬಂದವರು

ಒಂದು ರವಿವಾರ ಹೊಸಾ ರೆಕಾರ್ಡು ಬಂದಿತ್ತು. ಖುಷಿಗೆ ದನಿ ಪೂರಾ ಏರಿಸಿ ಹಚ್ಚಿದ್ದೆ. ಹಾಡೋ ಹುಡುಗ ಚಿಟ್ಟನ ಚೀರಾಕತ್ತಿದ್ದ. ಒಳಗ ನನ್ನ ಹೆಂಡತಿ ಪಟಪಟ ರೊಟ್ಟಿ ಬಡಿಯಾಕತ್ತಿದ್ಲು. ಬಾಗಿಲು ಧಡಧಡ ಅಂತು. ತಗದ್ರ ಕೆಳಗಿನ ಮನಿ ಕಾಕಾ, ಕಾಕು ನಿಂತಾರ, ಇಬ್ಬರ ಮಾರಿನೂ ಸಣ್ಣ ಆಗೇತಿ.

ಕಾಕು ಸೀದಾ ಅಡಿಗಿಮನಿಗೆ ಹೋಗಿ, "ಸಾಕು ಬಿಡವಾ ತಂಗಿ, ಗಂಡಸು ಎಷ್ಟಂತ ತಡಕೊಂತಾನ" ಅಂದ್ರು. ಹೆಂಡತಿ ಹಿಟ್ಟಿನ ಕೈಲೆ ನಿಂತ ಬಿಟ್ಲು.

ಕಾಕಾ ನನ್ನ ಬೆನ್ನು ಸವರಿ, "ಭಾಳ ನೋವಾತೇನಪಾ?" ಅಂದ್ರು.

"ಅಯ್ಯ, ಅದು ಹಾಡ್ರಿ ಕಾಕಾ!"

ಕಾಕಾ ಹೆಂಡತಿ ಕಡೆ ಒಮ್ಮೆ ನೋಡಿ, ನನ್ನ ಕಿವ್ಯಾಗ ಸಾವಕಾಶ ಹೇಳಿದ್ರು: "ನಾನೂ ಮೊದಲಿಗೆ ರೇಡಿಯೊ ಅಂತ ಹೇಳ್ತಿದ್ದೆ."

೨. ಅವ್ವನ ಪೂಜಿ

ದೀಪಾವಳಿಗೆ ಅಂಗಡಿ ಪೂಜಿ ನಮ್ಮವ್ವಂದ. ಆ ವರ್ಷ ಜರ್ಮನಿಯಿಂದ ಒಂದು ರೆಕಾರ್ಡು ತರಿಸಿದ್ದೆ, ಒಂದು ಗೀರಿಲ್ಲ, ಕನ್ನಡಿ ಇದ್ದಂಗ ಇತ್ತು. ಹಣ್ಣು ತರಾಕ ಹೋಗಿ ಬರೂದ್ರಾಗ ಅವ್ವ ಕಣ್ಣು ನೋಡೂ ಮಷೀನಿಗೆ, ಗಲ್ಲಾ ಪೆಟಿಗಿಗೆ, ಕಡೀಕ ನನ್ನ ರೆಕಾರ್ಡಿಗೂ ಮೂರು ಬೆರಳಿಲೆ ಗಚ್ಚಾಗಿ ವಿಭೂತಿ ಬಳದು, ನಡುವ ಕುಂಕುಮ ಇಟ್ಟು, ಹೂವಿಂದ ನೀರು ಚಿಮುಕಿಸಿ ಕೈ ಮುಗದು ಕುಂತಿದ್ಲು. ಹಿಂದಿನ ಬಾಜೂನೂ ಬಿಟ್ಟಿದ್ದಿಲ್ಲ.

"ಯವ್ವಾ, ನನ್ನ ರೆಕಾರ್ಡು ಹಾಳಾತಲ್ಲಬೇ!" ಅಂತ ನಾ ತಲಿ ಹಿಡಕೊಂಡೆ. ವಿಭೂತಿ ಅಂದ್ರ ಬೂದಿ, ಗೆರಿಯೊಳಗ ಹೊಕ್ಕರ ಮುಗೀತು. ಮೆತ್ತನ ಅರಿವಿ ತಗೊಂಡು ಒರಸಿ, ಪ್ಲೇಯರಿನ ಮುಳ್ಳು ಇಟ್ಟೆ. ಕರ್ರ್, ಬರ್ರ್, ಧಡಾರ್! ಎಲ್ಲಿ ವಿಭೂತಿ ಮುಗದು ಎಲ್ಲಿ ಗಿಟಾರು ಶುರು ಆತು ಅಂತ ಖರೇ ಹೇಳಬೇಕಂದ್ರ ನನಗೂ ತಿಳೀಲಿಲ್ಲ.

ಅವ್ವ ಪೂರಾ ಕೇಳಿ ಅಂದ್ಲು: "ಮೊದಲಿಗಿಂತ ಈಗ ಜರಾ ಸಮಾಧಾನದಲೆ ಒದರಾಕತ್ತಾನ ನೋಡು."

೩. ಮಾಸ್ತರು ಕೇಳಿದ್ದು

ಧಾರವಾಡದ ಒಬ್ಬ ಸಂಗೀತ ಮಾಸ್ತರು ಚಾಳೀಸು ಮಾಡಿಸಾಕ ಬಂದಿದ್ರು. ಪ್ಲೇಯರ್ ಕಂಡ ಕೂಡಲೆ, "ಏನರ ಹಚ್ರಿ, ಕೇಳೂಣು" ಅಂದ್ರು. ನನಗ ಹಿಗ್ಗೋ ಹಿಗ್ಗು, ಇದ್ದದ್ರಾಗ ಛಲೋದು ಹಚ್ಚಿದೆ. ಅವರು ಕಣ್ಣು ಮುಚ್ಚಿ, ತೊಡಿ ಮ್ಯಾಲ ತಾಳ ಹಾಕಾಕ ನೋಡಿದ್ರು. ಕೈಗೆ ಸಿಗಲಿಲ್ಲ, ಬಿಟ್ರು. ಹಾಡು ನಿಂತಿತು. ಅವರು ಕಣ್ಣು ತಗೀಲಿಲ್ಲ.

"ಹೂಂ, ಶುರು ಮಾಡ್ರಿ" ಅಂದ್ರು.

"ಮುಗೀತ್ರಿ ಸರ."

"ಮುಗೀತ? ಇಷ್ಟೊತ್ತಿನಾಗ ನಮ್ಮದು ತಂಬೂರಿನೂ ಶ್ರುತಿಗೆ ಬಂದಿರೂದಿಲ್ಲಲ್ರಿ!"

೪. ಹೆಬ್ಬಳ್ಳಿ ಅಜ್ಜಿ

ಅದ ಮಾಸ್ತರು ಹೋಗೂ ಮುಂದ ಒಂದು ಮಾತು ಅಂದ್ರು. "ನಮ್ಮ ಗುರುಗಳ ಹಂತ್ಯಾಕ ಹಿಂದಕ ಇಂಗ್ಲೆಂಡಿನ ಹುಡುಗ ಒಬ್ಬ ಗಾಯನ ಕಲಿಯಾಕ ಬಂದಿದ್ದ. ಅವನ ಕಡೆನೂ ಇಂಥಾದ್ದೊಂದು ಒದರೂ ರೆಕಾರ್ಡು ಇತ್ತು. ಬಾಡಿಗಿ ಇದ್ದ ಮನಿ ಅವ್ವಾರ ಕೈಯಾಗ ಕೊಟ್ಟು ಹ್ವಾದ. ಆ ಅಜ್ಜಿ ಈಗ ಹೆಬ್ಬಳ್ಳ್ಯಾಗ ಮಗನ ಮನ್ಯಾಗ ಇದ್ದಾಳ."

ನಿದ್ದಿ ಹತ್ತತೈತೇನ್ರಿ? ಮರುದಿನ ಅಂಗಡಿ ಮುಚ್ಚಿ, ಹೆಂಡತೀನ ಗಾಡಿ ಮ್ಯಾಲ ಕುಂಡ್ರಿಸಿಕೊಂಡು, ಸಣ್ಣ ಪ್ಲೇಯರ್ ಚೀಲದಾಗ ಹಾಕ್ಕೊಂಡು ಹೊಂಟೆ.

ಅಜ್ಜಿ ಧೋತರದಾಗ ಸುತ್ತಿಟ್ಟ ಗಂಟು ತಂದು ಬಿಚ್ಚಿದ್ಲು. ಯಪ್ಪಾ! ಅದ! ಅದ ರೆಕಾರ್ಡು! ಕವರಿನ ಮ್ಯಾಲ ಕೂದಲಾ ಮುಳ್ಳಿನಂಗ ನಿಂದ್ರಿಸಿಕೊಂಡ ನಾಲ್ಕು ಹುಡುಗರು. ನಡುವ ಬಾಯಿ ತಕ್ಕೊಂಡು ನಿಂತಾವನ ಮ್ಯಾಲ ಅಜ್ಜಿ ಬೆರಳಿಟ್ಲು. "ಇವನ ನಮ್ಮ ಹುಡುಗ. ನನ್ನ ಕೈಯಾಗಿನ ಝುಣಕ ಉಂಡು ಹಾಡು ಕಲ್ತ. ಏನು ಛಲೋ ಹಾಡ್ತಿದ್ದ ಅಂತೀ!"

ಅಂದ್ರ ತಂಡ ಮುರದದ್ದ ಇದಕ್ಕ! ಹಾಡೋನು ಎದ್ದು ಧಾರವಾಡಕ್ಕ ಬಂದಿದ್ದ! ಕುಣೀಬೇಕು ಅನ್ನಿಸ್ತು.

"ಅಜ್ಜಿ, ಇದನ್ನ ನನಗ ಕೊಡ್ರಿ."

"ಒಟ್ಟ ಕೊಡಾಂಗಿಲ್ಲ. ಜ್ವಾಪಾನ ಮಾಡಬೇ ಅಂತ ಅತ್ತು ಕೊಟ್ಟು ಹೋಗ್ಯಾನ."

ನಾ ಕೈ ಮುಗದೆ, ಕಾಲು ಹಿಡದೆ. ಏನು ಮಾಡಿದ್ರೂ ಇಲ್ಲ. ಕಡೀಕ ಅಜ್ಜಿ ಅಂದ್ಲು, "ನಮ್ಮ ಮನ್ಯಾಗ ಮಷೀನ್ ಇಲ್ಲ, ನಾ ಒಮ್ಮೆನೂ ಇದನ್ನ ಕೇಳಿಲ್ಲ. ನೀ ತಂದೀಯಲ್ಲ, ಹಚ್ಚು."

ಮನಿ ಮಂದಿನೆಲ್ಲಾ ಕರದು, ಸೆರಗು ಹೊತಗೊಂಡು, ಭಜನಿಗೆ ಕುಂತಂಗ ಕೈ ಮುಗದು ಕುಂತ್ಲು. ನಾ ಮುಳ್ಳು ಇಟ್ಟೆ. ಆ ಹುಡುಗ ಒದರಿದ ನೋಡ್ರಿ! ಹಿತ್ತಲದಾಗ ಮಲಗಿದ್ದ ಎಮ್ಮಿ ಎದ್ದು ನಿಂತ್ವು. ನನಗ ಆನಂದಕ್ಕ ಕಣ್ಣಾಗ ನೀರು. ಅಜ್ಜಿ ಮಾತ್ರ ಮುಗದ ಕೈ ಹಂಗ ಹಿಡದಾಳ.

ಹಾಡು ಮುಗದ ಮ್ಯಾಲ ಕೈ ಇಳಿಸಿ ಅಂದ್ಲು: "ಹಿಂಗ ಹಾಡ್ತಿದ್ನಾ? ಪಾಪ, ಅದಕ್ಕ ಕಲಿಯಾಕ ಅಷ್ಟು ದೂರದಿಂದ ಬಂದಿದ್ದ!"

ಆಮ್ಯಾಲ ಲಗುಲಗು ಧೋತರ ಸುತ್ತಿ ನನ್ನ ಉಡ್ಯಾಗ ಇಟ್ಟ ಬಿಟ್ಲು. "ಒಯ್ಯಿ, ಮೊದಲ ಇದನ್ನ ಒಯ್ಯಿ. ಮಂದಿ ಕೇಳಿದ್ರ ನನ್ನ ಹುಡುಗನ ಮರ್ಯಾದಿ ಏನು ಉಳೀತೈತಿ? ಯಾರಿಗೂ ಕೇಳಸೂದಿಲ್ಲ, ನಾನೂ ಹಚ್ಚೂದಿಲ್ಲ ಅಂತ ಹೆಂಡತಿ ತಲಿ ಮ್ಯಾಲ ಕೈ ಇಟ್ಟು ಆಣಿ ಮಾಡು!"

ಏನು ಮಾಡ್ತೀರಿ? ರೆಕಾರ್ಡು ಉಡ್ಯಾಗ ಬಂದೇತಿ. ಅಳಬೇಕೋ ನಗಬೇಕೋ ತಿಳೀದ ಹೆಂಡತಿ ತಲಿ ಮ್ಯಾಲ ಕೈ ಇಟ್ಟು ಆಣಿ ಮಾಡಿದೆ.

ಕೈ ತಗಿಯಾಕ ಹ್ವಾದ್ರ, ಹೆಂಡತಿ ಎರಡೂ ಕೈಲೆ ಅದನ್ನ ಗಟ್ಟಿ ಅವುಚಿ ಹಿಡದಾಳ! "ತಡೀರಿ ಅಜ್ಜಿ, ಹೆಂಗೂ ಕೈ ತಲಿ ಮ್ಯಾಲ ಐತಿ. ಮನ್ಯಾಗಿನ ಉಳದ ರೆಕಾರ್ಡಿಂದೂ ಈಗ ಆಣಿ ಮಾಡಿಸಿ ಬಿಡ್ರಿ."