ಎಡಗಡಿ ಬ್ರೇಕಿನ ಗಾಡಿ

ಹಳೇ ಗಾಡಿ ಮಾರ್ತೇನಿ ಅಂತ ಒಂದ ಮಾತು ಬಾಯಿಂದ ಬೀಳೂದ ತಡ, ನಗೂವಂಥಾ ಪ್ರಸಂಗಗಳು ತಾವ ವಿಳಾಸ ಕೇಳ್ಕೋತ ಮನಿ ಬಾಗಲಿಗಿ ಬರ್ತಾವು. ನಾ ಗೋಕಾಕದಾಗ ಡ್ರೈವಿಂಗ್ ಸ್ಕೂಲ್ ನಡಸಾಕಿ. ಹದಿನಾಕು ವರ್ಷ ಒಂದ ಗಾಡಿ ಮ್ಯಾಲ ಅರ್ಧ ಊರಿಗಿ ಸ್ಟೇರಿಂಗ್ ಹಿಡಿಯೂದು ಕಲಿಸೇನಿ. ಕಲಿಯವರು ಬಲಕ್ಕ, ನಾ ಎಡಕ್ಕ. ನನ್ನ ಕಾಲ ಕೆಳಗೂ ಒಂದ ಬ್ರೇಕು, ಒಂದ ಕ್ಲಚ್ಚು. ಆ ಬ್ರೇಕ್ ಇರಲಿಲ್ಲ ಅಂದ್ರ ನಾ ಇವತ್ತ ಇದನ್ನೆಲ್ಲಾ ಹೇಳಾಕ ಇರ್ತಿದ್ದಿಲ್ಲ.

ಈ ಸಲ ಹೊಸ ಗಾಡಿ ಬುಕ್ ಮಾಡಿದ್ನಿ. ಹಳೇದನ್ನ ಶೋರೂಮಿಗಿ ಎಕ್ಸ್‌ಚೇಂಜ್ ಕೊಡೂದೋ, ನಾನ ಗಿರಾಕಿ ಹುಡುಕಿ ಮಾರೂದೋ ಅಂತ ಮನ್ಯಾಗ ದೊಡ್ಡ ಪಂಚಾಯ್ತಿ ಆತು.

೧. ಶೋರೂಮಿನ ಸಾಹೇಬ್ರು

ಗಾಡಿ ನೋಡಾಕ ಶೋರೂಮಿಂದ ಟೈ ಕಟಕೊಂಡ ಸಾಹೇಬ್ರು ಬಂದ್ರು. ಎರಡ ಸುತ್ತ ಹಾಕಿ, ಎಡಗಡಿ ಬಾಗಲಾ ತಗದು ಕೆಳಗ ಬಗ್ಗಿದ್ರು.

"ಇದೇನ್ರಿ ಮೇಡಂ?"

"ಬ್ರೇಕ್ ರಿ."

"ಮತ್ತ ಆ ಕಡಿ ಇರೂದು?"

"ಅದೂ ಬ್ರೇಕ್ ರಿ."

"ಎರಡ ಬ್ರೇಕಿನ ಗಾಡಿ ಯಾರೂ ಮೂಸಿ ಸೈತ ನೋಡೂದಿಲ್ರಿ. ಕಿತ್ತ ಒಗೀಬೇಕು. ಅದರ ಖರ್ಚು ನಿಮ್ಮ ರೇಟಿನ್ಯಾಗ ಹಿಡೀತೇವಿ," ಅಂದು ಒಂದ ರೇಟ್ ಹೇಳಿದ್ರು. ಆ ರೊಕ್ಕಕ್ಕ ಮೂಡಲಗಿ ಸಂತ್ಯಾಗ ಒಂದ ಚಲೋ ಎಮ್ಮಿನೂ ಬರೂದಿಲ್ಲ. ಆ ರೇಟೂ ಶನಿವಾರ ಸಂಜಿ ಮಟಾ ಅಷ್ಟ ಅಂತ.

ನಮ್ಮ ಮನಿಯವ್ರು, "ಕೊಟ್ಟ ಬಿಡು. ನಿನಗ ಗಾಡಿ ಕಲಸಾಕ ಬರ್ತೈತಿ, ಮಾರಾಕ ಬರೂದಿಲ್ಲ," ಅಂದ್ರು.

ಈ ಮಾತಿಗಿ ನನಗ ಖರೇನ ಸಿಟ್ಟ ಬಂತು. "ಬ್ರೇಕ್ ಸಮೇತ ಮಾರ್ತೇನಿ. ಶೋರೂಮಿನಾಂವ ಹೇಳಿದ್ದಕ್ಕಿಂತ ಜಾಸ್ತಿಗೇ ಮಾರ್ತೇನಿ. ಮಾರಿದ್ರ ಏನ ಮಾಡ್ತೀರಿ ಹೇಳ್ರಿ," ಅಂದ್ನಿ.

"ಒಂದ ತಿಂಗಳ ಚಾ ನಾ ಮಾಡ್ತೇನಿ."

ಮದುವಿ ಆದಾಗಿಂದ ಅವರು ಚಾ ಸೋಸಿದ್ದನ್ನೂ ಯಾರೂ ನೋಡಿಲ್ಲ. ಗಾಡಿ ಹೋದ್ರ ಹೋಗ್ಲಿ ಬಿಟ್ರ ಬಿಡ್ಲಿ, ಆ ಚಾ ಕುಡೀಲೇಬೇಕು ಅಂತ ಹಟಕ್ಕ ಬಿದ್ನಿ.

೨. ದೇವರಿದ್ದ ಗಾಡಿ

ಮೊದಲ ಬಂದವರು ಮೂಡಲಗಿಯ ಕಾಳಿನ ವ್ಯಾಪಾರಿ. "ಒಂದ ರೌಂಡ್ ಹೊಡದ ನೋಡ್ತೇನ್ರಿ ಅಕ್ಕಾರ," ಅಂದ್ರು. ಅವರು ಬಲಕ್ಕ ಕುಂತ್ರು, ನಾ ರೂಢಿ ಪ್ರಕಾರ ಎಡಕ್ಕ ಕುಂತ್ನಿ.

ಚಲೋನ ಹೊಡ್ಯಾಕತ್ತಿದ್ರು. ಒಂದ ನಾಯಿ ಅಡ್ಡ ಬಂತು, ಗಾಡಿ ನಿಧಾನ ಆತು. ತಿರುವಿನ್ಯಾಗ ಟೆಂಪೋ ಕಾಣಿಸ್ತು, ಮತ್ತ ನಿಧಾನ ಆತು. ವ್ಯಾಪಾರಿ ತಮ್ಮ ಕಾಲು ತಾವ ಬಗ್ಗಿ ನೋಡಕೊಂಡ್ರು.

"ಅಕ್ಕಾರ, ನಾ ಬ್ರೇಕ್ ಮುಟ್ಟೇ ಇಲ್ರಿ."

"ಹೌದೇನ್ರಿ?" ಅಂದು ನಾನೂ ಕೆಳಗ ನೋಡಿದ್ನಿ. ನನ್ನ ಕಾಲು ಹದಿನಾಕು ವರ್ಷ ಎಲ್ಲಿರ್ತಿತ್ತೋ ಅಲ್ಲೇ ಇತ್ತು. ಸಾವಕಾಶ ಹಿಂದ ಜಗ್ಗಿದ್ನಿ. ಮುಂದ ಹಂಪ್ ಬಂದ ಕೂಡ್ಲೇ ಅದು ನನ್ನ ಕೇಳಲಾರದ ಮತ್ತ ಹೋಗಿ ತುಳೀತು.

ವ್ಯಾಪಾರಿ ಗಾಡಿ ನಿಂದರಿಸಿ ಇಳದು ಬಾನೆಟ್ಟಿಗಿ ಕೈ ಮುಗದ್ರು. "ಈ ಗಾಡ್ಯಾಗ ದೇವರದಾನ್ರಿ. ನಾ ಮನಸಿನ್ಯಾಗ ಅಂದಕೊಂಡ್ರ ಸಾಕು, ಅದು ನಿಂದರ್ತೈತಿ."

ಸುಳ್ಳು ಹೇಳಿ ಮಾರಾಕ ಮನಸ ಬರಲಿಲ್ಲ. ಕಾಲಿನ ಕತಿ ಹೇಳಿದ್ನಿ. ಅವರ ಮಾರಿ ಸಣ್ಣದಾತು.

"ದೇವರಿದ್ರ ತಗೋತಿದ್ನಿರಿ. ನೀವ ಇದ್ರ ಬ್ಯಾಡ್ರಿ."

೩. ಯಾರ ಗೀರು

ಮರುದಿನ ಹತ್ತರಗಿಯಿಂದ ಒಬ್ಬ ಕಾಕಾ ಬಂದ. ಜೊತಿಗಿ ಒಬ್ಬ ತಜ್ಞನ್ನ ಕರಕೊಂಡ ಬಂದಿದ್ದ. "ನಮ್ಮ ಊರಾಂವ. ಗಾಡಿ ಅಂದ್ರ ಇವಗ ಪೂರಾ ಗೊತ್ರಿ," ಅಂದ. ತಜ್ಞ ಬಿಸಲಿಗಿ ಮಾರಿಗೆಲ್ಲಾ ಟವೆಲ್ ಸುತಗೊಂಡಿದ್ದ. ಬಾಯಿ ಮಾತ್ರ ತಗೀವಲ್ಲ.

ಕಾಕಾ ತಾನ ಒಂದೊಂದ ಕೇಳಾಕತ್ತಿದ. "ಈ ಗೀರು ಏನ್ರಿ?"

"ಅದು ಬ್ಯಾಂಕಿನ ಮ್ಯಾನೇಜರಂದು. ಕಂಪೌಂಡ್ ಗ್ವಾಡಿನ ಸರದ ಬಂತು ಅಂದ್ರು."

"ಇದು?"

"ಡಾಕ್ಟರ ಬಾಯಾರದು. ತಮ್ಮ ದವಾಖಾನಿ ಬೋರ್ಡಿಗೇ ಹಾಯಿಸಿದ್ರು."

"ಹಿಂದ ಇಷ್ಟ ದೊಡ್ಡ ತಗ್ಗು ಬಿದ್ದೈತಲ್ರಿ?"

"ಅದು ನಿಮ್ಮ ಊರಾಂವ ಒಬ್ಬಂದು. ರಿವರ್ಸ್ ಹಾಕಿದ್ರ ಹಿಂದ ನೋಡಬೇಕಪಾ ಅಂತ ಎಂಟ ದಿನ ಬಡಕೊಂಡ್ನಿ. ಹಿಂದ ನೋಡಲಾರದ ಹೋಗಿ ಕಬ್ಬಿನ ಟ್ರಾಲಿಗಿ ಗುದ್ದಿದ. ಆಮ್ಯಾಲ ಮಾರಿ ತೋರಸಲಿಲ್ಲ."

ತಜ್ಞ ಆ ಕಡಿ ಟೈರಿನ ಮುಂದ ಕುಂತಾಂವ ಏಳೂದ ಬಿಟ್ಟ. "ನಮ್ಮೂರಾಂವ ಯಾರೋ ಅಂವಾ, ನಿನಗ ಗೊತ್ತೇನೋ?" ಅಂತ ಕಾಕಾ ಕೇಳಿದ.

"ಟೈರ್ ಸವದಾವು ಕಾಕಾ. ಬ್ಯಾಡ, ನಡೀ ಹೋಗೂನು."

ಆ ದನಿ ಕೇಳಿ ನನಗ ಗುರ್ತ ಹತ್ತಿತು. "ರಿವರ್ಸ್ ಕಲತ್ಯೇನಪಾ?" ಅಂದ್ನಿ.

"ಕಲತೇನ್ರಿ ಅಕ್ಕಾರ," ಅಂದಾಂವನ ಗೇಟ್ ದಾಟಿದ. ಅವತ್ತೂ ಹಿಂದ ನೋಡಲಿಲ್ಲ.

೪. ಹೊಸಾ ನಾಕನೇ ಗೇರು

ಶುಕ್ರವಾರ ಕೊಣ್ಣೂರಿಂದ ಒಬ್ಬರ ಫೋನ್ ಬಂತು. ಡ್ರೈವಿಂಗ್ ಸ್ಕೂಲಿನ ಗಾಡಿ ಅಂತ ಕೇಳಿದ ಮ್ಯಾಲ, "ಗೇರಬಾಕ್ಸ್ ಹಾಳಾಗಿರಬೇಕಲ್ರಿ?" ಅಂದ್ರು.

ನಾನೂ ಇಷ್ಟ ದಿನದಾಗ ಮಾರೂದು ಸ್ವಲ್ಪ ಕಲತಿದ್ನಿ. "ಒಂದನೇದು, ಎರಡನೇದು ದುಡದಾವ್ರಿ, ಸುಳ್ಳ ಹೇಳೂದಿಲ್ಲ. ಮೂರನೇದು ಅಪರೂಪಕ್ಕ. ನಾಕನೇ ಗೇರಿಗಿ ಮಾತ್ರ ನನ್ನ ಕಡಿ ಕಲಿಯವರು ಯಾರೂ ಹೋಗೇ ಇಲ್ಲ. ಕಂಪನಿಯಿಂದ ಬಂದಂಗ ಹೊಸಾದ ಐತಿ," ಅಂದ್ನಿ.

ಆ ಕಡಿಯವರೂ ವ್ಯಾಪಾರಕ್ಕ ಇಳದ್ರು.

"ಹಂಗಾದ್ರ ಆ ನಾಕನೇ ಗೇರಿಂದ ಅಷ್ಟ ರೇಟ್ ಹೇಳ್ರಿ."

೫. ಶನಿವಾರ

ಶನಿವಾರ ಮಧ್ಯಾಹ್ನದಾಗ ನಮ್ಮ ಮನಿಯವ್ರು ಗಾಡಿ ಕಾಗದಾ ಎಲ್ಲಾ ತಗದು ಟೇಬಲ್ ಮ್ಯಾಲ ಇಟ್ರು. "ನಾಕಕ್ಕ ಶೋರೂಮಿಗಿ ಹೋಗೂನು," ಅಂದ್ರು. ಮಾತನ್ಯಾಗ ಅಂಥಾ ಜಂಬ ಏನಿದ್ದಿಲ್ಲ, ಆದ್ರೂ ನಾ ಆ ಕಾಗದಾ ಮುಟ್ಟಲಿಲ್ಲ. ಇಷ್ಟ ಮಂದಿ ಜೀವ ಉಳಿಸಿದ ಬ್ರೇಕು, ಅದನ್ನ ಕಿತ್ತ ಒಗ್ಯಾಕ ನಾನ ಒಯ್ದು ಕೊಡೂದಂದ್ರ!

ಅಷ್ಟ ಹೊತ್ತಿಗಿ ಹುಕ್ಕೇರಿಯಿಂದ ಗಂಡ ಹೆಂಡತಿ ಬಂದ್ರು. ಗಂಡ ರಿಟೈರ್ ಆದ ಸಾಲಿ ಮಾಸ್ತರು. ಸ್ವಂತ ಗಾಡಿ ಇಲ್ಲ, ಆದ್ರ ಮೂವತ್ತ ವರ್ಷದಿಂದ ಅಣ್ಣಂದು, ಗೆಳ್ಯಾರದು, ಬೀಗರದು ಅಂತ ಸಿಕ್ಕ ಗಾಡಿ ಹೊಡಕೋತ ಬಂದಾರಂತ. ಅವರ ಹೆಂಡತಿ, ಅಮ್ಮಾರು, ಎಡಗಡಿ ಬಾಗಲಾ ತಗದು ಕೆಳಗ ನೋಡಾಕತ್ತಿದ್ರು.

ಮೂಡಲಗಿ ವ್ಯಾಪಾರಿಯ ದೇವರ ನೆನಪಾಗಿ ಈ ಸಲ ನಾ ಹಿಂದಿನ ಸೀಟಿಗಿ ಹೋದ್ನಿ. ಮಾಸ್ತರು ಸ್ಟೇರಿಂಗಿಗಿ, ಅಮ್ಮಾರು ನನ್ನ ಜಾಗಾಕ್ಕ. ಗಾಡಿ ಹೊಂಟ ಮ್ಯಾಲ ಗೊತ್ತಾತು, ಮಾಸ್ತರಿಗಿ ಮಾತಾಡೂ ಮುಂದ ಎದುರಿನವರ ಮಾರಿ ನೋಡಬೇಕು. ಪೂರಾ ಹಿಂದ ಹೊಳ್ಳಿ ನನಗ ಪಾಠಾ ಹೇಳಾಕತ್ತಿದ್ರು. ಮುಂದ ರಸ್ತೆ ಮ್ಯಾಲ ಕಬ್ಬಿನ ಟ್ರ್ಯಾಕ್ಟರ್ ನಿಂತಿತ್ತು. ನನ್ನ ಕಾಲು ಹಿಂದಿನ ಸೀಟಿನ ಕೆಳಗ ಬ್ರೇಕ್ ಹುಡುಕ್ಯಾಡಾಕತ್ತಿತು. "ಮಾಸ್ತರ!" ಅನ್ನೂದರಾಗ ಗಾಡಿ ತೊಟ್ಟಲಾ ನಿಂತಂಗ ಹಗೂರಕ ನಿಂತಿತು.

"ನೋಡಿದ್ರೇನ್ರಿ ನನ್ನ ಕಂಟ್ರೋಲು?" ಅಂದ್ರು ಮಾಸ್ತರು. ಅವರ ಕಾಲು ಇನ್ನೂ ಎಕ್ಸಲರೇಟರ್ ಮ್ಯಾಲ ಇತ್ತು, ಇಂಜಿನ್ ಒದರಾಕತ್ತಿತ್ತು. ಎಡಕ್ಕ ಬಗ್ಗಿ ನೋಡಿದ್ನಿ. ಅಮ್ಮಾರು ಎರಡೂ ಕಾಲಿಲೆ ಬ್ರೇಕು, ಕ್ಲಚ್ಚು ಎರಡನ್ನೂ ತುಳಕೊಂಡು, ತೊಡಿ ಮ್ಯಾಲ ಬ್ಯಾಗ್ ಇಟಗೊಂಡು ಸುಮ್ಮ ಕುಂತಿದ್ರು.

ಮನಿಗಿ ಬಂದ ಮ್ಯಾಲ ಮಾಸ್ತರು, "ಗಾಡಿ ಚಲೋ ಐತ್ರಿ. ಆ ಎಡಗಡಿ ಬ್ರೇಕ್ ಅಷ್ಟ ಕಿತ್ತಿಸಿ ಕೊಡ್ರಿ," ಅಂದ್ರು.

ಅಮ್ಮಾರು ಆಗ ಬಾಯಿ ತಗದ್ರು. "ಬ್ರೇಕ್ ಇದ್ರ ಗಾಡಿ ತಗೊಳ್ರಿ. ಇಲ್ಲಂದ್ರ ನೀವು ಗಾಡ್ಯಾಗ ಹೋಗ್ರಿ, ನಾ ಬಸ್ಸಿನ್ಯಾಗ ಬರ್ತೇನಿ."

"ಹಂಗಾದ್ರ ರೇಟಿನ್ಯಾಗ ಸ್ವಲ್ಪ..."

"ಅಕ್ಕಾರು ಹೇಳಿದ್ದ ಕೊಡ್ರಿ. ಜೀವದ ಮ್ಯಾಲ ಚೌಕಾಸಿ ಮಾಡಬಾರದು."

ಮುಗೀತು. ಶೋರೂಮಿನವರ ರೇಟಿನ ಮ್ಯಾಲ ಒಂದ ಎಮ್ಮಿ, ಅದರ ಕರಾ ಎರಡೂ ಬರೂವಷ್ಟ ಜಾಸ್ತಿ ಸಿಕ್ತು. ನಾಕಕ್ಕ ಸರಿಯಾಗಿ ಸಾಹೇಬ್ರ ಫೋನ್ ಬಂತು. "ಮಾರಿದ್ನಿರಿ," ಅಂದ್ನಿ. "ಆ ಬ್ರೇಕ್ ಕಿತ್ತಿಸಾಕ ಎಷ್ಟ ಬಿತ್ರಿ?" ಅಂದ್ರು. "ಕಿತ್ತಿಸಿದ್ರ ಗಾಡಿ ಹೋಗ್ತಿದ್ದಿಲ್ರಿ," ಅಂದು ಫೋನ್ ಇಟ್ನಿ. ಅಂಥಾ ಖುಷಿ ನನಗ ಲೈಸೆನ್ಸ್ ಸಿಕ್ಕ ದಿನಾನೂ ಆಗಿದ್ದಿಲ್ಲ.

ಅಡಗಿಮನ್ಯಾಗಿಂದ, "ಸಕ್ರಿ ಡಬ್ಬಿ ಯಾವುದ?" ಅಂತ ದನಿ ಬಂತು. ಸ್ವಲ್ಪ ಹೊತ್ತಿಗಿ ನಮ್ಮ ಮನಿಯವ್ರು ನಾಕ ಕಪ್ ಚಾ ತಂದಿಟ್ರು. ಶುಂಠಿ ಭಾಳ, ಸಕ್ರಿ ಕಡಿಮಿ. ಆದ್ರೂ ಕಪ್ಪಿನ ತಳಾ ಕಾಣೂ ಮಟಾ ಕುಡದ್ನಿ.

ಚಾವಿ ಕೊಡೂ ಮುಂದ ನನಗ ತಡ್ಯಾಕ ಆಗಲಿಲ್ಲ. "ಅಮ್ಮಾರ, ಹದಿನಾಕು ವರ್ಷ ಕಲಿಸೇನಿ, ಮೊದಲನೇ ದಿನಾನ ಇಷ್ಟ ಹಗೂರಕ ಬ್ರೇಕ್ ಹಿಡದವರನ್ನ ನಾ ನೋಡಿಲ್ರಿ. ಎಲ್ಲಿ ಕಲತ್ರಿ?"

ಅಮ್ಮಾರು ಗಂಡನ ಕಡಿ ಒಮ್ಮಿ ನೋಡಿ, ಚಾವಿ ತಮ್ಮ ಬ್ಯಾಗಿನ್ಯಾಗ ಹಾಕ್ಕೊಂಡ್ರು.

"ಇವರ ಬಾಜೂ ಕುಂತು ಮೂವತ್ತ ವರ್ಷ ಪ್ರಾಕ್ಟೀಸ್ ಮಾಡೇನ್ರಿ. ಕಾಲ ಕೆಳಗ ಬ್ರೇಕ್ ಒಂದ ಇದ್ದಿದ್ದಿಲ್ಲ."