ಕಬ್ಬಿಣ ಹೊಲಿಯಲು ಹೊರಟ ಅತ್ತೆ

ನಮ್ಮ ಸೋದರತ್ತೆಗೆ ಬುದ್ಧಿ ಇಲ್ಲವೆಂದು ಯಾರಾದರೂ ಅಂದರೆ ನಾನು ಜಗಳಕ್ಕೆ ನಿಲ್ಲುತ್ತೇನೆ. ಬುದ್ಧಿ ಧಾರಾಳವಾಗಿದೆ. ಅದು ಯಾವ ಬಸ್ಸು ಹತ್ತಿ ಎಲ್ಲಿ ಇಳಿಯುತ್ತದೆ ಎನ್ನುವುದಷ್ಟೇ ಯಾರಿಗೂ ತಿಳಿಯದು! ಕಡೂರಿನ ಮನೆಯ ಜಗಲಿಯಲ್ಲಿ ಇಪ್ಪತ್ತೈದು ವರ್ಷ ರವಿಕೆ ಹೊಲಿದವಳು, ಐವತ್ತೊಂದನೆಯ ವಯಸ್ಸಿನಲ್ಲಿ ಒಂದು ಬೆಳಿಗ್ಗೆ ಮಷೀನಿಗೆ ಮುಸುಕು ಹಾಕಿ, "ಬಟ್ಟೆ ಹೊಲಿದಿದ್ದು ಸಾಕು ಕಣೋ. ಇನ್ಮೇಲೆ ಕಬ್ಬಿಣ ಹೊಲಿತೀನಿ" ಎಂದಳು.

ಮಾವ ಪೇಪರಿನಿಂದ ತಲೆಯೆತ್ತಿ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ.

ಮೊದಲು ಊರಿನಲ್ಲೇ ಒಂದು ವೆಲ್ಡಿಂಗ್ ಶಾಪಿಗೆ ಹೋದೆವು. ಹೋದೆವು ಎಂದರೆ, ಅತ್ತೆ ಹೋದಳು, ನನ್ನ ಬೈಕು ಹೋಯಿತು, ಬೈಕಿನ ಮೇಲೆ ನಾನಿದ್ದೆ. ಮಾಲೀಕ ಎಷ್ಟು ವರ್ಷದ ಅನುಭವ ಎಂದು ಕೇಳಿದ. ಇಪ್ಪತ್ತೈದು ಎಂದಳು. ಅವನು ಎದ್ದು ಕುರ್ಚಿ ಕೊಟ್ಟು ಟೀ ತರಿಸಿದ. ಅನುಭವ ಯಾವುದರಲ್ಲಿ ಎಂದು ಅವನಿಗೆ ತಿಳಿಯುವಷ್ಟರಲ್ಲಿ ಅತ್ತೆ ಟೀ ಕುಡಿದಾಗಿತ್ತು. ವೆಲ್ಡಿಂಗಿನಲ್ಲೇ ಅನುಭವ ಮಾಡಿಕೊಂಡು ಬನ್ನಿ ಎಂದು ಕಳಿಸಿದ.

ತರೀಕೆರೆಯಲ್ಲಿ ಕಲಿಸುತ್ತಾರಂತೆ ಎಂದು ಅಲ್ಲಿಗೆ ಹೋದರೆ, ವಯಸ್ಸು ಮೀರಿದೆ ಎಂದರು. ಕೆಲಸಕ್ಕೆ ಅನುಭವ ಬೇಕು, ಅನುಭವಕ್ಕೆ ಕೆಲಸ ಬೇಕು, ಕಲಿಯಲು ವಯಸ್ಸು ಬೇಕು. ಹಾಗಾದರೆ ಲೋಕದ ಮೊದಲ ವೆಲ್ಡರ್ ಎಲ್ಲಿಂದ ಬಂದ? ನನ್ನ ತಲೆ ಕೆಟ್ಟುಹೋಯಿತು. ಅತ್ತೆ ಮಾತ್ರ, ಇನ್ನೂ ಅಜ್ಜಂಪುರ ಉಳಿದಿದೆಯಲ್ಲ ಎಂದಳು.

ಅಜ್ಜಂಪುರದಲ್ಲಿ ಟ್ರ್ಯಾಕ್ಟರ್ ಟ್ರೈಲರ್ ರಿಪೇರಿ ಮಾಡುವ ಮುದುಕರೊಬ್ಬರು ಅನುಭವವನ್ನೂ ಕೇಳಲಿಲ್ಲ, ವಯಸ್ಸನ್ನೂ ಕೇಳಲಿಲ್ಲ.

"ಕಣ್ಣು ಚೆನ್ನಾಗಿ ಕಾಣ್ತವಾ ನಿಂಗೆ?"

"ಕನ್ನಡಕ ಇಲ್ದೆ ಸೂಜಿಗೆ ದಾರ ಪೋಣಿಸ್ತೀನಿ."

"ನಾಳೆಯಿಂದ ಬಾರಮ್ಮ."

ಇದೆಂಥ ಇಂಟರ್‌ವ್ಯೂ!

ಮೊದಲ ದಿನ ವೆಲ್ಡಿಂಗ್ ಕಡ್ಡಿ ಕಬ್ಬಿಣಕ್ಕೆ ಕಚ್ಚಿಕೊಂಡು ಬಿಡಲೇ ಇಲ್ಲವಂತೆ. ಎರಡನೆಯ ದಿನ ಕಪ್ಪು ಗಾಜು ಹಿಡಿಯದೆ ಕಿಡಿ ನೋಡಿ, ಮನೆಗೆ ಬಂದು ಎರಡೂ ಕಣ್ಣಿನ ಮೇಲೆ ಆಲೂಗಡ್ಡೆ ಹೋಳಿಟ್ಟುಕೊಂಡು ಮಲಗಿದಳು. ರಾತ್ರಿ ಪಲ್ಯದ ವಿಷಯ ಕೇಳಬಹುದೋ ಬಾರದೋ ಎಂದು ಮಾವನಿಗೆ ಗೊಂದಲ. ಮೂರನೆಯ ವಾರ ಒಂದು ಮನೆಯ ಗೇಟನ್ನು ಟೇಪು ಹಿಡಿದು ಅಳೆದು, ಚಿಲಕವನ್ನು ಕಂಬಕ್ಕೇ ಬೆಸೆದುಬಿಟ್ಟಳು. ಮನೆಯ ಯಜಮಾನ ಒಳಗಿದ್ದ. ಕಾಂಪೌಂಡ್ ಹಾರಿ ಬಂದವನಿಗೆ, ಸಡಿಲವಾಗಬಾರದೆಂದು ಸ್ವಲ್ಪ ಬಿಗಿಯಾಗಿ ಹಿಡಿದೆ ಎಂದು ಸಮಾಧಾನ ಹೇಳಿದಳಂತೆ.

ಗುರುಗಳೂ ವಿಚಿತ್ರವೇ. ಶಿಷ್ಯೆಗೆ ಬೆನ್ನು ಮಾಡಿ, ರಸ್ತೆಯ ಕಡೆ ಮುಖ ಹಾಕಿ ಕೂತಿರುತ್ತಿದ್ದರು. "ಎಣ್ಣೇಲಿ ವಡೆ ಬೇಯೋ ಸದ್ದು ಬರ್ಬೇಕು ಕಣಮ್ಮ. ಪಟಪಟ ಅಂತೈತೆ, ಕಡ್ಡಿ ಹತ್ರ ತಗೊ" ಎಂದು ಕೂತಲ್ಲಿಂದಲೇ ಹೇಳುತ್ತಿದ್ದರು. ಅತ್ತೆಯ ಕೆಲಸ ನೋಡಲಾರದೆ ಹೀಗೆ ತಿರುಗಿ ಕೂತಿದ್ದಾರೆ ಎಂದೇ ನಾನು ತಿಳಿದಿದ್ದೆ.

ಆರು ತಿಂಗಳು ಕಳೆದವು. ಹೋದ ತಿಂಗಳು ಅವಳನ್ನು ಕರೆತರಲು ಹೋದಾಗ ರೈತನೊಬ್ಬ ಬೆಸೆದ ಟ್ರೈಲರನ್ನು ಒಯ್ಯಲು ಬಂದಿದ್ದ. ಕೆಲಸ ನೋಡಿ, ಯಜಮಾನರ ಕೈ ಇನ್ನೂ ಹಾಗೇ ಇದೆ ಎಂದು ಹೊಗಳಿದ. ಅತ್ತೆ ಹೌದೆಂದು ತಲೆಯಾಡಿಸಿದಳು. ಸ್ವಲ್ಪ ಹೊತ್ತಿಗೆ ಮುಂಚೆ ಅದನ್ನು ಅವಳೇ ಬೆಸೆಯುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೆ.

ಮುದುಕರು ಎದ್ದು ಬಂದರು. ಕೈ ಚಾಚಿದರು, ಗಾಳಿ ಸಿಕ್ಕಿತು. ಮತ್ತೆ ಚಾಚಿ ಕಬ್ಬಿಣ ಹಿಡಿದು, ಬೆಸುಗೆಯ ಉದ್ದಕ್ಕೂ ಹೆಬ್ಬೆರಳು ಸವರಿದರು.

"ನಂದಲ್ಲ ಕಣಪ್ಪ. ನಂಗೆ ಕಣ್ಣು ಕಾಣದೆ ವರ್ಷದ ಮೇಲಾಯ್ತು. ಗಿರಾಕಿ ಬಿಟ್ಟೋಯ್ತವೆ ಅಂತ ಇವ್ಳು ಯಾರ್ಗೂ ಹೇಳಿಲ್ಲ. ಇದು ಇವ್ಳ ಬೆಸುಗೆ."

ರೈತ ಒಮ್ಮೆ ಅವರನ್ನು, ಒಮ್ಮೆ ಅತ್ತೆಯನ್ನು ನೋಡಿದ. ಆಮೇಲೆ, ಸೋಮವಾರ ಇನ್ನೊಂದು ಟ್ರೈಲರ್ ತರುತ್ತೇನೆ, ಅಮ್ಮನೇ ಮಾಡಲಿ ಎಂದ.

ಎಲ್ಲದಕ್ಕೂ ಉತ್ತರವಿದ್ದ ನಮ್ಮತ್ತೆ ಕಪ್ಪು ಗಾಜನ್ನು ಎತ್ತಿ ಮುಖಕ್ಕೆ ಅಡ್ಡ ಹಿಡಿದುಕೊಂಡಳು. ಬೆಸೆಯಲು ಅಲ್ಲಿ ಏನೂ ಉಳಿದಿರಲಿಲ್ಲ.