ಅಲ್ಪವಿರಾಮದ ಅತ್ತೆ

ನಮ್ಮ ಸೋದರತ್ತೆ ಹಾವಿಗೆ ಹೆದರುವವಳಲ್ಲ, ಗುಡುಗಿಗೆ ಹೆದರುವವಳಲ್ಲ, ನಾಸಿಕದ ಆಟೋದವರಿಗಂತೂ ಹೆದರುವವಳೇ ಅಲ್ಲ. ಆದರೆ ನಡುವೆ ಒಂದೆರಡು ಅಲ್ಪವಿರಾಮವಿರುವ ಇಂಗ್ಲಿಷ್ ವಾಕ್ಯವನ್ನು ಆಕೆಯ ಮುಂದಿಟ್ಟು ನೋಡಿ! ಕನ್ನಡಕ ಮೂಗಿನ ತುದಿಗೆ ಇಳಿಯುತ್ತದೆ, ಹುಬ್ಬು ಹಣೆಗೆ ಏರುತ್ತದೆ, ಕೈ ಕೆಂಪು ಪೆನ್ನು ಹುಡುಕುತ್ತದೆ. (ಕಂಡಿರಾ? ಇಷ್ಟು ಬರೆಯುವಷ್ಟರಲ್ಲೇ ನನ್ನ ಮಾತುಗಳೂ ತಾವಾಗಿ ಕವಾಯತಿಗೆ ನಿಂತುಬಿಟ್ಟಿವೆ. ಆಕೆಯ ಕೈಯಲ್ಲಿ ಬೆಳೆದದ್ದರ ಫಲ!)

ನಮ್ಮದು ಭಾಲ್ಕಿ. ಅಪ್ಪನಿಗೆ ಅಲ್ಲಿ ಬಟ್ಟೆ ಅಂಗಡಿ. ಅತ್ತೆ ನಾಸಿಕದ ಮರಾಠಿ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೇಳಿದರೆ, "ಪೇಪರ್ ತಿದ್ದೋದ್ರಾಗ ನೆನಪೇ ಆಗ್ಲಿಲ್ಲ ನೋಡ್ರಿ" ಅನ್ನುತ್ತಾಳೆ. ಓದಲೆಂದು ಚಿಕ್ಕವಳಿದ್ದಾಗ ನನ್ನನ್ನು ಆಕೆಯ ಮನೆಯಲ್ಲಿ ಬಿಟ್ಟರು. ನಾನು ಓದಿದೆ, ಊರಂಚಿನ ಅಂಬಡ್‌ನ ಕಾರ್ಖಾನೆಯೊಂದರ ಆಫೀಸಿನಲ್ಲಿ ಕೆಲಸಕ್ಕೂ ಸೇರಿದೆ, ಆದರೆ ಅತ್ತೆಯ ಮನೆ ಬಿಡಲಿಲ್ಲ.

ಆಕೆಯ ಸಿದ್ಧಾಂತ ಇಷ್ಟೇ. "ಒಂದು ವಾಕ್ಯದಾಗ ಮೂರು ಮಾತು ಸಾಲಾಗಿ ಬಂದ್ರ ಮೂರೂ ಒಂದೇ ಯುನಿಫಾರ್ಮ್ ಹಾಕ್ಕೊಂಡಿರಬೇಕು. ಇಬ್ಬರು ಪ್ಯಾಂಟ್ ಶರ್ಟಿನಾಗ, ಮೂರನೇದಂವ ಟಾವೆಲ್ ಸುತ್ಕೊಂಡು ನಿಂತ್ರ ಶಾಲಿ ಪ್ರೇಯರ್ ಹೆಂಗ ನಡೀಬೇಕು?" ನಾನು ಶಾಲೆಯಿಂದ ಹಸಿದು ಬಂದು "ಐ ಲೈಕ್ ಸ್ವಿಮ್ಮಿಂಗ್, ಡ್ಯಾನ್ಸಿಂಗ್ ಆ್ಯಂಡ್ ಟು ಈಟ್" ಅಂದೆನೋ, ತಟ್ಟೆ ಅಲ್ಲೇ ನಿಲ್ಲುತ್ತಿತ್ತು. "ಮೊದಲು ಈಟಿಂಗ್ ಅನ್ನು, ಆಮ್ಯಾಲೆ ತಿನ್ನು!" ಹೊಟ್ಟೆಗೆ ವ್ಯಾಕರಣ ಗೊತ್ತಾಗುತ್ತದೆಯೇ? ನನ್ನ ಹೊಟ್ಟೆಗೆ ಗೊತ್ತಾಗುತ್ತಿತ್ತು.

ಮನೆಯೊಳಗಿನದು ಹಾಗಿರಲಿ, ಊರನ್ನಾದರೂ ಬಿಟ್ಟಳೇ? ನಾವು ಭಾನುವಾರ ದೋಸೆ ತಿನ್ನಲು ಹೋಗುವ ಹೋಟೆಲೊಂದಿದೆ. ಮಾಲೀಕರು ಕುಂದಾಪುರದ ಕಡೆಯವರು. ಅಲ್ಲಿ ಗೋಡೆಯ ಮೇಲೊಂದು ಬೋರ್ಡು: ಸ್ಮೋಕಿಂಗ್, ಸ್ಪಿಟ್ಟಿಂಗ್ ಆ್ಯಂಡ್ ಔಟ್‌ಸೈಡ್ ಫುಡ್ ನಾಟ್ ಅಲೌಡ್. ದೋಸೆ ಆರುತ್ತಿತ್ತು, ಅತ್ತೆ ಕಾಯುತ್ತಿದ್ದಳು!

"ಸ್ಮೋಕಿಂಗ್ ಬಂತು, ಸ್ಪಿಟ್ಟಿಂಗ್ ಬಂತು. ಇಬ್ಬರಿಗೂ 'ಇಂಗ್' ಅಂತ ಬಾಲ ಅದ. ಮೂರನೇದಕ್ಕ ಯಾಕ ಇಲ್ರಿ?"

ಮಾಲೀಕರು ಕೈ ಮುಗಿದರು. "ಎಂತ ಮೇಡಂ, ನೀವು ದೋಸೆ ತಿನ್ಲಿಕ್ಕೆ ಬಂದದ್ದಾ, ಬೋರ್ಡು ತಿದ್ಲಿಕ್ಕೆ ಬಂದದ್ದಾ?"

ಅತ್ತೆಯ ಮುಖ ಅರಳಿತು. "ನೋಡ್ರಿ, ನೋಡ್ರಿ! ಕನ್ನಡದಾಗ ಎಷ್ಟು ಛಂದ ಜೋಡಿಸಿದ್ರಿ! ಅದನ್ನೇ ಇಂಗ್ಲಿಷಿನಾಗ ಮಾಡ್ರಿ."

ಮುಂದಿನ ಭಾನುವಾರ ಹೋದಾಗ ಬೋರ್ಡಿಗೆ ಹೊಸ ಬಣ್ಣ ಬಂದಿತ್ತು. ಪೇಂಟರ್ ತನಗೆ ತಿಳಿದಂತೆ ತಿದ್ದಿದ್ದ: ಸ್ಮೋಕಿಂಗ್, ಸ್ಪಿಟ್ಟಿಂಗ್ ಆ್ಯಂಡ್ ಔಟ್‌ಸೈಡ್ ಫುಡ್ಡಿಂಗ್ ನಾಟ್ ಅಲೌಡ್. ಇನ್ನು ಈ ಹೋಟೆಲಿನ ಋಣ ತೀರಿತು ಎಂದು ನಾನು ಕಣ್ಣು ಮುಚ್ಚಿಕೊಂಡೆ. ಅತ್ತೆ ಬಹಳ ಹೊತ್ತು ಬೋರ್ಡು ನೋಡಿದಳು. ಆಮೇಲೆ ತೀರ್ಪು ಕೊಟ್ಟಳು: "ಶಬ್ದ ಸುಳ್ಳು. ಆದ್ರ ಸಾಲು ಖರೆ!" ಆ ಖುಷಿಗೆ ಇನ್ನೊಂದು ಮಸಾಲೆ ದೋಸೆ ತರಿಸಿದಳು.

ಇಂಥವಳ ಕೈಗೆ ನನ್ನ ಮದುವೆ ಸಿಕ್ಕಿಬಿದ್ದರೆ ಏನಾಗಬೇಡ?

ಹುಡುಗ ಸಂಭಾಜಿನಗರದವನು. ನಮ್ಮ ಕಾರ್ಖಾನೆಯ ಯಂತ್ರವೊಂದನ್ನು ರಿಪೇರಿ ಮಾಡಲು ಬಂದಿದ್ದ. ಅವನು ಹೋದ ಮೇಲೆ ನಮ್ಮ ಯಂತ್ರಗಳು ಯಾಕೋ ಪದೇ ಪದೇ ಕೆಡತೊಡಗಿದವು! ಅವನ ಮನೆಯವರ ಮೂಲ ಆಳಂದ. ಇವನಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಮಾತಾಡುವಾಗ ಮಾತ್ರ ಎರಡು ಮಾತಿಗೊಂದು ಮರಾಠಿಯ "ಮ್ಹಣಜೆ", ಅಂದರೆ ನಮ್ಮ "ಅಂದರೆ", ನುಸುಳುತ್ತದೆ. ಅವರ ಮನೆಯವರು ಒಪ್ಪಿದರು. ನಾನಂತೂ ಯಾವತ್ತೋ ಒಪ್ಪಿಯಾಗಿತ್ತು. ಅಪ್ಪ ಭಾಲ್ಕಿಯಿಂದ ಫೋನಿನಲ್ಲಿ ಅಂದರು: "ಅಕ್ಕ ಹೂಂ ಅಂದ್ರ ನಂದೂ ಹೂಂ. ಆಕಿ ಉಹೂಂ ಅಂದ್ರ ನಂದೂ ಉಹೂಂ."

ಹುಡುಗನ ಬಯೋಡೇಟಾ ಬಂತು. ಕೆಳಗಡೆ, ಯಾರೂ ಓದದ ಜಾಗದಲ್ಲಿ, ಪಾಪ, ತನ್ನ ಬಗ್ಗೆ ಒಂದೇ ಒಂದು ವಾಕ್ಯ ಬರೆದಿದ್ದ: ಐ ಆ್ಯಮ್ ಆನೆಸ್ಟ್, ಹಾರ್ಡ್‌ವರ್ಕಿಂಗ್ ಆ್ಯಂಡ್ ರಿಸ್ಪೆಕ್ಟ್ ಎಲ್ಡರ್ಸ್.

ಕನ್ನಡಕ ಮೂಗಿನ ತುದಿಗೆ ಇಳಿಯಿತು. "ಆನೆಸ್ಟ್, ಗುಣ. ಹಾರ್ಡ್‌ವರ್ಕಿಂಗ್, ಗುಣ. ರಿಸ್ಪೆಕ್ಟ್? ಕ್ರಿಯಾಪದ! ಈ ಸಂಬಂಧ ಬ್ಯಾಡ."

"ಅತ್ತಿ! ಲಗ್ನ ಆಗಾಂವ ಹುಡುಗ, ವಾಕ್ಯ ಅಲ್ಲ!"

"ಒಂದು ವಾಕ್ಯ ಕೊನೀತನಕ ನಿಭಾಯಿಸಲಾರದಂವ ಸಂಸಾರ ಕೊನೀತನಕ ನಿಭಾಯಿಸ್ತಾನೇನು?"

ನಾನು ಗೋಳಾಡಿದೆ, ಮುನಿಸಿಕೊಂಡೆ, ಮಾತು ಬಿಟ್ಟೆ. (ಮೂರೂ ಕ್ರಿಯಾಪದ. ಆಕೆ ತಪ್ಪು ಹುಡುಕುವಂತಿರಲಿಲ್ಲ.) ಕೊನೆಗೆ ಆಕೆಯೇ ಸೋತು, "ಆಗ್ಲಿ, ತಿದ್ದಲಿಕ್ಕ ಬರ್ತದೋ ಇಲ್ಲೋ ಒಮ್ಮೆ ನೋಡಿ ಬರೋಣ" ಅಂದಳು. ಎಸ್‌ಟಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಯೇವಲೆ ಎಂಬ ಊರು ದಾಟುವವರೆಗೂ ದಾರಿಯ ಬೋರ್ಡುಗಳನ್ನೆಲ್ಲ ತಿದ್ದುತ್ತಾ ಬಂದಳು. ಇಂದು ಆಕೆ ಉಹೂಂ ಅಂದರೆ ಮುಗಿಯಿತು, ಅಪ್ಪ ಆ ಮಾತು ದಾಟುವವರಲ್ಲ.

ಸಂಭಾಜಿನಗರದಲ್ಲಿ ಹುಡುಗನ ತಾಯಿ ಬಾಗಿಲಲ್ಲೇ ಎದುರುಗೊಂಡರು. "ಚಹಾ ತಗೋತೀರೋ, ಸರ್ಬತ್ ಕುಡೀತೀರೋ, ಮೊದಲು ಕಾಲ್ ತೊಳ್ಕೋತೀರೋ?" ನಾನು ಹೆದರಿ ಅತ್ತೆಯ ಮುಖ ನೋಡಿದೆ. "ಮೂರೂ ಸರಿ ಅವ," ಎಂದು ಕಿವಿಯಲ್ಲಿ ಪಿಸುಗುಟ್ಟಿದಳು, "ನಿನ್ನ ಅತ್ತಿ ಪಾಸ್."

ಹುಡುಗ ಬಂದು ಕೂತ. ಅತ್ತೆ ಬಯೋಡೇಟಾ ತೆಗೆದಳು. "ರಿಸ್ಪೆಕ್ಟ್‌ಫುಲ್ ಅಂತ ಒಂದು ಶಬ್ದ ಅದ. ಗೊತ್ತದೇನಪಾ?"

"ಗೊತ್ತದರಿ."

"ಹಂಗಾದ್ರ ಅದನ್ಯಾಕ ಬರೀಲಿಲ್ಲ?"

ಅವನು ನನ್ನ ಕಡೆ ನೋಡಲಿಲ್ಲ. ನೋಡಿದ್ದರೂ ನನ್ನಿಂದೇನೂ ಸಹಾಯವಾಗುತ್ತಿರಲಿಲ್ಲ. "ಮ್ಹಣಜೆ... ಹೆಂಗಂದ್ರ ರಿ, ಅದು ಬರೇ ಗುಣ ಆತು. ಗುಣ ಇಟ್ಕೊಂಡು ಸುಮ್ಮ ಕೂತವರನ್ನ ಭಾಳ ನೋಡೀನ್ರಿ. ನಾ ಮಾಡ್ತೀನಿ. ಅದಕ್ಕ ಮಾಡ್ತೀನಿ ಅಂತ ಬರ್ದೆ."

ವ್ಯಾಕರಣದಲ್ಲಿ ಆಕೆಗೆ ಎದುರುತ್ತರ ಕೊಟ್ಟವರನ್ನು ನಾನು ಅದೇ ಮೊದಲು ಕಂಡದ್ದು! ಅತ್ತೆ ಪರ್ಸಿನಿಂದ ಕೆಂಪು ಪೆನ್ನು ತೆಗೆದಳು. ಮೊದಲಿನ ಎರಡು ಗುಣಗಳನ್ನು ಹೊಡೆದು ಹಾಕಿದಳು. ಮೇಲೆ ದುಂಡಗೆ ಬರೆದು ಗಟ್ಟಿಯಾಗಿ ಓದಿದಳು: "ಐ ಸ್ಪೀಕ್ ದ ಟ್ರೂತ್, ವರ್ಕ್ ಹಾರ್ಡ್ ಆ್ಯಂಡ್ ರಿಸ್ಪೆಕ್ಟ್ ಎಲ್ಡರ್ಸ್. ಮೂರೂ ಕ್ರಿಯಾಪದ. ಒಂದು ಮಾಡಿದ್ರ ಆಗಂಗಿಲ್ಲಪಾ, ಮೂರೂ ಮಾಡಬೇಕು!"

"ಮಾಡ್ತೀನ್ರಿ," ಅಂದ.

ಅತ್ತೆ ಅಲ್ಲೇ ಕೂತಲ್ಲಿಂದ ಭಾಲ್ಕಿಗೆ ಫೋನು ಹಚ್ಚಿದಳು. "ಹೂಂ! ಯಾಕಂದ್ರ ಅಂವ ತಿದ್ದಿಸ್ಕೋತಾನ. ತಿದ್ದಿಸ್ಕೊಳ್ಳೋ ಗಂಡಸು ಎಲ್ಲಿ ಸಿಗ್ತಾನಪಾ?" ಗೆದ್ದೆವು! ಯಾರು ಗೆದ್ದರು ಎಂದು ಮಾತ್ರ ಕೇಳಬೇಡಿ. ಹುಡುಗ ತಾನು ಗೆದ್ದೆ ಅನ್ನುತ್ತಾನೆ, ಅತ್ತೆ ತಾನು ಗೆದ್ದೆ ಅನ್ನುತ್ತಾಳೆ, ನಾನಂತೂ ಗೆದ್ದೇ ಗೆದ್ದೆ. ಹಿಂದಿರುಗುವಾಗ ಅತ್ತೆ ಪೇಢೆ ಕೊಂಡು ಬಸ್ಸಿನವರಿಗೆಲ್ಲ ಹಂಚಿದಳು, ಕಂಡಕ್ಟರನಿಗೆ ಎರಡು. ಮದುವೆಯ ಆಮಂತ್ರಣ ಪತ್ರಿಕೆ ತಾನೇ ಬರೆದಳು. ಅಷ್ಟು ಶಿಸ್ತಿನ ಆಮಂತ್ರಣ ಪತ್ರಿಕೆ ಇಡೀ ನಾಸಿಕದಲ್ಲಿ ಅಚ್ಚಾಗಿರಲಿಕ್ಕಿಲ್ಲ!

ಈಗ ನಾನು ಸಂಭಾಜಿನಗರದಲ್ಲಿದ್ದೇನೆ. ದಿನಾ ಸಂಜೆ ಅತ್ತೆಯ ಫೋನು ಬರುತ್ತದೆ. ಮೊನ್ನೆಯೂ ಬಂತು. ಏನು ಮಾಡಿದಿ ಇವತ್ತು, ಅಂತ ಕೇಳಿದೆ.

"ಗಿಡಕ್ಕ ನೀರು ಹಾಕ್ದೆ, ಪೇಪರ್ ಓದ್ದೆ, ನೀ ಇಲ್ಲ."

ಸಿಕ್ಕಿಬಿದ್ದಳು! ಹುಟ್ಟಿದಾಗಿನಿಂದ ಕಾದಿದ್ದ ಗಳಿಗೆ! "ಅತ್ತೀ!" ಎಂದು ಕೂಗಿಯೇಬಿಟ್ಟೆ. "ಹಾಕ್ದೆ, ಓದ್ದೆ ಆತು. ಮೂರನೇದು ಸಾಲಿಗೆ..." ಅಷ್ಟರಲ್ಲಿ ನಾನು ಏನು ಹೇಳುತ್ತಿದ್ದೇನೆ ಎಂದು ನನಗೇ ತಿಳಿಯಿತು.

ಅತ್ತೆ ಮೆತ್ತಗೆ ಅಂದಳು: "ಗೊತ್ತದ. ಮುಂಜಾನಿಂದ ತಿದ್ದಲತ್ತೀನಿ, ಅದೊಂದು ಕೂಡವಲ್ದು. ನೀನೇ ಬಂದು ತಿದ್ದು."

ಮರುದಿನ ಮೊದಲ ಬಸ್ಸಿಗೆ ನಾವು ಗಂಡ ಹೆಂಡತಿ ಇಬ್ಬರೂ ನಾಸಿಕಕ್ಕೆ ಹೊರಟೆವು.